ಸುಲ್ತಾನನಿಗೆ ಭೀಷ್ಮನ ಗಡ್ಡ

ಮೊನ್ನೆ ಸಂಜೆ ಕೋಲಾರದ ನಮ್ಮ ಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಎದುರಿಗೆ ಮಗಳು ಸಮಾಜ ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಜೆರುಸಲೇಮಿಗಾಗಿ ಕ್ರೈಸ್ತರಿಗೂ ಮುಸ್ಲಿಮರಿಗೂ ಶತಮಾನಗಳ ಹಿಂದೆ ನಡೆದ ಧರ್ಮಯುದ್ಧಗಳು, ಅವುಗಳ ಕಾರಣ, ಅವುಗಳ ಪರಿಣಾಮ. ಪುಟದ ಮೂಲೆಯಲ್ಲಿ ಎದೆಯ ಮೇಲೆ ಶಿಲುಬೆ ಧರಿಸಿದ ರಾಜನೊಬ್ಬನ ಚಿತ್ರವಿತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, ಇದು ಯಾರು ಹೇಳು ನೋಡೋಣ ಎಂದಳು. ನಿಮ್ಮ ತಾತ ಎಂದೆ. ಅಮ್ಮನಿಗೆ ತಲೆ ಕೆಟ್ಟಿದೆ ಎಂಬ ಮುಖ ಮಾಡಿ ಅವಳು ಮತ್ತೆ ಓದತೊಡಗಿದಳು. ನಿಮಗೂ ಹಾಗೇ ಅನ್ನಿಸಬಹುದು. ಆದರೆ ನಾನು ಹೇಳಿದ್ದು ನಿಜ.

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ದೂರ ನಡೆದರೆ ನಮ್ಮೂರು. ನಾನು ಚಿಕ್ಕವಳಿದ್ದಾಗ, ರಾಗಿ ಕೊಯ್ಲು ಮುಗಿದು ಮಾವು ಹೂ ಬಿಡುವ ಹೊತ್ತಿಗೆ, ಊರಿನವರೆಲ್ಲ ಸೇರಿ ಕುರುಕ್ಷೇತ್ರ ನಾಟಕ ಕಲಿಯುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಆಂಧ್ರದ ಗಡಿಯಾಚೆಯಿಂದ ಬರುತ್ತಿದ್ದರು. ಹಾಗಾಗಿ ನಮ್ಮ ಪಾಂಡವರು ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಹಾಡುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣಿಸುತ್ತಿರಲಿಲ್ಲ, ಮನೆಯಲ್ಲಿ ನಾವೆಲ್ಲ ಮಾಡುತ್ತಿದ್ದದ್ದೂ ಅದೇ.

ಅಪ್ಪ ಪ್ರತಿ ವರ್ಷ ಧರ್ಮರಾಯ. ಭೀಷ್ಮ ಅಮೀರ್ ಜಾನ್ ಮಾಮ. ಅವರು ಶ್ರೀನಿವಾಸಪುರದವರು, ನಮ್ಮ ಮಾವಿನ ತೋಟದ ಫಸಲು ಗುತ್ತಿಗೆ ಹಿಡಿಯುತ್ತಿದ್ದವರು. ಹೂವಿನ ಕಾಲಕ್ಕೆ ಬಂದರೆ ಕಾಯಿ ಇಳಿಸುವವರೆಗೂ ತೋಟದ ಗುಡಿಸಲಲ್ಲೇ ವಾಸ. ಅಪ್ಪನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಆರಡಿ ಆಳು, ಕಂಚಿನ ಕಂಠ. ಭೀಷ್ಮನ ಪಾತ್ರಕ್ಕೆ ಇನ್ನೊಬ್ಬರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವರು ಬೀಡಿ ಸೇದುತ್ತಿದ್ದರು. ಪುರಾಣದ ಬಗ್ಗೆ ನನ್ನ ಜ್ಞಾನ ಎಷ್ಟು ಗಟ್ಟಿ ಎಂದರೆ, ಇವತ್ತಿಗೂ ಭೀಷ್ಮ ಎಂದರೆ ನನಗೆ ಬೀಡಿಯ ವಾಸನೆಯೇ ಮೊದಲು ಬರುತ್ತದೆ.

ನಮ್ಮ ಕಡೆಯ ಕುರುಕ್ಷೇತ್ರದಲ್ಲಿ ಒಂದು ಘಟ್ಟವಿದೆ. ಯುದ್ಧಕ್ಕೆ ಎರಡೂ ಕಡೆಯವರು ಎದುರುಬದುರು ನಿಂತಾಗ ಹಾರ್ಮೋನಿಯಂ ಒಂದು ರಾಗ ಎತ್ತುತ್ತದೆ. ಧರ್ಮರಾಯ ಕಿರೀಟ ತೆಗೆದು, ಪಾದರಕ್ಷೆ ಬಿಟ್ಟು, ಬರಿಗೈಯಲ್ಲಿ ಶತ್ರುಗಳ ಕಡೆಗೆ ನಡೆದುಹೋಗಿ ಭೀಷ್ಮನ ಕಾಲಿಗೆ ಬೀಳುತ್ತಾನೆ. ಹಿರಿಯರ ಆಶೀರ್ವಾದವಿಲ್ಲದೆ ಹಿರಿಯರ ಮೇಲೆ ಬಾಣ ಬಿಡುವುದು ಹೇಗೆ? ಅಷ್ಟು ಹೊತ್ತು ಶಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಆಗ ಸುಮ್ಮನಾಗುತ್ತಿದ್ದರು. ಹೆಂಗಸರು ಕೂತಲ್ಲೇ ಕೈ ಮುಗಿಯುತ್ತಿದ್ದರು.

ಒಂದು ವರ್ಷ ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಸಮಾಜದ ಮೇಷ್ಟ್ರಿಗೆ ಈ ಕಲಾವಿದರನ್ನೆಲ್ಲ ನೋಡಿ ಉತ್ಸಾಹ ಬಂತು. ಶಾಲೆಯ ವಾರ್ಷಿಕೋತ್ಸವಕ್ಕೆ ಧರ್ಮಯುದ್ಧಗಳ ನಾಟಕ ಆಡಿಸುತ್ತೇನೆ ಎಂದರು, ತಾವೇ ಬರೆದರು. ದೇವರ ಹೆಸರಿನಲ್ಲಿ ಕಾದಾಡಿದವರು ಕೊನೆಗೆ ಏನು ಕಂಡರು ಎಂಬುದನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ಅವರದು. ನಾಟಕದಲ್ಲಿ ಇಂಗ್ಲೆಂಡಿನ ರಾಜನಿಗೂ ಜೆರುಸಲೇಮನ್ನು ಹಿಡಿದಿದ್ದ ಸುಲ್ತಾನನಿಗೂ ಯುದ್ಧ. ನಿಜದಲ್ಲಿ ಆ ರಾಜನೂ ಆ ಸುಲ್ತಾನನೂ ಒಬ್ಬರ ಮುಖ ಒಬ್ಬರು ನೋಡಿದವರೇ ಅಲ್ಲವಂತೆ. ನಾಟಕಕ್ಕಾಗಿ ಎದುರುಬದುರು ನಿಲ್ಲಿಸಿದ್ದೇನೆ ಎಂದು ಅವರೇ ಹೇಳಿದ್ದರು. ಅಪ್ಪ ಇಂಗ್ಲೆಂಡಿನ ರಾಜನಾದರು. ಅಮೀರ್ ಮಾಮ ಸುಲ್ತಾನರಾದರು. ಮುಳಬಾಗಿಲಿನ ನಾಟಕದ ಡ್ರೆಸ್ ಅಂಗಡಿಯವರ ಹತ್ತಿರ ಇಂಗ್ಲೆಂಡಿನ ಸಾಮಾನು ಎಲ್ಲಿಂದ ಬರಬೇಕು? ಧರ್ಮರಾಯನ ಕಿರೀಟವನ್ನೇ ಅಪ್ಪನಿಗೆ ಕೊಟ್ಟರು, ಎದೆಗೆ ರಟ್ಟಿನ ಶಿಲುಬೆ ಅಂಟಿಸಿದರು. ಸುಲ್ತಾನನಿಗೆ ಭೀಷ್ಮನ ಬಿಳಿ ಗಡ್ಡ ಕಟ್ಟಿದರು.

ಆದರೆ ಆ ವರ್ಷ ಕಾಲ ಚೆನ್ನಾಗಿರಲಿಲ್ಲ. ಎಲ್ಲೋ ಒಂದು ಪಟ್ಟಣದಲ್ಲಿ ಮೆರವಣಿಗೆಯ ವಿಷಯಕ್ಕೆ ಹಿಂದೂ ಮುಸ್ಲಿಮರ ನಡುವೆ ಕಲ್ಲು ತೂರಾಟವಾಗಿತ್ತು. ನಮ್ಮೂರಿನ ಒಬ್ಬರಿಗೂ ಒಂದು ಕಲ್ಲೂ ತಾಗಿರಲಿಲ್ಲ. ಆದರೂ ಅರಳಿಕಟ್ಟೆಯಲ್ಲಿ ಮಾತು ಬೇರೆಯಾಗಿತ್ತು. ಸಾಬರಿಗೆ ತೋಟ ಕೊಡುವುದು ಬೇಡ ಎಂದು ಕೆಲವರು ಅಪ್ಪನಿಗೆ ಹೇಳಿದ್ದರು. ಅಪ್ಪ ಕೇಳಿಸದವರ ಹಾಗೆ ಇದ್ದರು.

ವಾರ್ಷಿಕೋತ್ಸವದ ಸಂಜೆ ನಾಟಕ ಚೆನ್ನಾಗಿಯೇ ಸಾಗಿತು. ಸೇನೆಗಳು ಎದುರಾದವು. ಹಾರ್ಮೋನಿಯಂ ಮೇಷ್ಟ್ರಿಗೆ ಯುದ್ಧಕ್ಕೆ ಮುಂಚೆ ನುಡಿಸಲು ಗೊತ್ತಿದ್ದದ್ದು ಒಂದೇ ರಾಗ, ಅದನ್ನೇ ಎತ್ತಿದರು. ಎದುರಿಗೆ ಬಿಳಿ ಗಡ್ಡ. ಅಪ್ಪ ಕತ್ತಿ ಹಿರಿಯಬೇಕಿತ್ತು. ಹಿರಿಯಲಿಲ್ಲ. ಕಿರೀಟ ತೆಗೆದರು, ಪಾದರಕ್ಷೆ ಬಿಟ್ಟರು, ಎದೆಯ ಮೇಲಿನ ಶಿಲುಬೆಯ ಸಮೇತ ನಡೆದುಹೋಗಿ ಸುಲ್ತಾನನ ಕಾಲಿಗೆ ಅಡ್ಡಬಿದ್ದರು. ಅಮೀರ್ ಮಾಮ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಬಗ್ಗಿ, ಅಪ್ಪನ ಎರಡೂ ಭುಜ ಹಿಡಿದು ಎಬ್ಬಿಸಿದರು.

ಹೆಂಗಸರು ಕೈ ಮುಗಿದರು. ಮೊದಲು ನಕ್ಕವರೂ ಇದ್ದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು, ಇನ್ನ್ಯಾರೋ ಎದ್ದು ನಿಂತರು, ಪರದೆ ಎಳೆದುಬಿಟ್ಟರು.

ಮಾರನೆಯ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಪಂಚಾಯಿತಿ. ಎಲ್ಲರ ಮುಂದೆ ಸಾಬರ ಕಾಲಿಗೆ ಬಿದ್ದು ಊರಿನ ಮರ್ಯಾದೆ ತೆಗೆದದ್ದು ತಪ್ಪಾಯಿತು ಎಂದು ಅಪ್ಪ ಹೇಳಬೇಕು. ಇಲ್ಲದಿದ್ದರೆ ನಮ್ಮ ಮನೆಯ ಮದುವೆಗೆ ಊರು ಬರುವುದಿಲ್ಲ. ಅಪ್ಪನ ತಂಗಿ, ನಮ್ಮ ಅತ್ತೆಯ ಮದುವೆ ಗೊತ್ತಾಗಿತ್ತು. ಊರೇ ಕೈಬಿಟ್ಟ ಮನೆಯಿಂದ ಹೆಣ್ಣು ತರಲು ಗಂಡಿನವರು ಒಪ್ಪುವ ಮಾತೇ ಇರಲಿಲ್ಲ. ಅಭ್ಯಾಸದಿಂದ ಆಯಿತು ಎಂದು ಅಪ್ಪ ಒಪ್ಪಿಕೊಂಡರು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ತೆಲುಗಿನಲ್ಲಿ ಒಂದೇ ಮಾತು ಹೇಳಿದರು.

"ಆಯನ ನಾಕನ್ನಾ ಪೆದ್ದಾಯನ."

ಅವರು ನನಗಿಂತ ದೊಡ್ಡವರು, ಅಷ್ಟೆ. ಯೋಚಿಸಿಕೊಂಡು ಬಾ ಎಂದು ಪಂಚಾಯಿತಿ ಎದ್ದಿತು. ಮನೆಯಲ್ಲಿ ಅತ್ತೆ ಅಳುತ್ತಿದ್ದರು, ಅಜ್ಜಿ ಅಪ್ಪನನ್ನು ಬೈಯುತ್ತಿದ್ದರು. ಅಷ್ಟರಲ್ಲಿ ಅಮೀರ್ ಮಾಮ ಬಂದರು. ಜಗುಲಿಯ ಮೇಲೆ ಕೂರಲೂ ಇಲ್ಲ.

"ತಪ್ಪಾಯ್ತು ಅಂದ್ಬಿಡೋ. ನಾನು ಎಲ್ಲಾದ್ರೂ ತೋಟ ಹಿಡೀತೀನಿ. ನೀನು ಈ ಊರಲ್ಲೇ ಬಾಳ್ಬೇಕು ಕಣೋ."

ಅಪ್ಪ ತಲೆ ಅಲ್ಲಾಡಿಸಿದರು. ಮಾಮ ಹೊರಟುಹೋದರು. ಹೋದದ್ದು ಪಂಚಾಯಿತಿಯ ಹಿರಿಯರ ಮನೆಗೆ ಎಂದು ನಮಗೆ ತಿಳಿದದ್ದು ಮಧ್ಯಾಹ್ನ. ತೋಟ ಬಿಟ್ಟಿದ್ದೇನೆ, ಇನ್ನು ಈ ಊರೊಳಗೆ ಕಾಲಿಡುವುದಿಲ್ಲ, ಅವನನ್ನು ಬಿಟ್ಟುಬಿಡಿ ಎಂದು ಮಾತು ಕೊಟ್ಟು ಬಂದಿದ್ದರು. ಅಪ್ಪ ಬಸ್ ನಿಲ್ಲುವ ಜಾಗಕ್ಕೆ ಓಡಿದಾಗ ಬಸ್ಸು ಹೋಗಿತ್ತು.

ಅತ್ತೆಯ ಮದುವೆಗೆ ಊರೆಲ್ಲ ಬಂದು ಉಂಡಿತು. ಅಪ್ಪ ಎಲ್ಲರಿಗೂ ಬಡಿಸಿದರು. ಆದರೆ ಅವರು ಮತ್ತೆ ಮುಖಕ್ಕೆ ಬಣ್ಣ ಹಚ್ಚಲಿಲ್ಲ. ಭೀಷ್ಮನಿಲ್ಲದ ಕುರುಕ್ಷೇತ್ರವನ್ನು ಒಂದು ವರ್ಷ ಆಡಿ ನೋಡಿ ಊರಿನವರೂ ಬಿಟ್ಟರು. ಮಾವಿನ ಕಾಲದಲ್ಲಿ ಮಂಡಿಗೆ ಹೋದಾಗ ಅಪ್ಪ ಮಾಮನನ್ನು ಕಂಡು, ಒಟ್ಟಿಗೆ ಟೀ ಕುಡಿದು ಬರುತ್ತಿದ್ದರು. ಮನೆಗೆ ಬನ್ನಿ ಎಂದು ಒಮ್ಮೆಯೂ ಕರೆಯಲಿಲ್ಲ. ಕಾಲ ಸರಿದು, ಪಂಚಾಯಿತಿ ಮಾಡಿದವರೆಲ್ಲ ತೀರಿಕೊಂಡ ಮೇಲೂ ಕರೆಯಲಿಲ್ಲ. ನಾನು ಕೇಳಿದ್ದೆ. ಕೊಟ್ಟ ಮಾತನ್ನು ಮುರಿಯಿರಿ ಎಂದು ದೊಡ್ಡವರಿಗೆ ನಾನು ಹೇಗಮ್ಮಾ ಹೇಳಲಿ, ಅವರಾಗಿ ಬರಬೇಕು ಎಂದರು. ನನಗೆ ಸಿಟ್ಟು ಬಂದಿತ್ತು. ಮರ್ಯಾದೆ ಎನ್ನುವುದು ಇಷ್ಟು ದುಬಾರಿಯಾಗಬಾರದು ಎಂದು ಇವತ್ತಿಗೂ ನನ್ನ ವಾದ.

ಹೋದ ವರ್ಷ ಅಪ್ಪ ತೀರಿಕೊಂಡರು. ತೋಟದ ಅಂಚಿನಲ್ಲಿ ಮಣ್ಣು ಮಾಡುವಾಗ ಅಮೀರ್ ಮಾಮ ಬಂದರು. ಊರಿನ ದಾರಿಯಲ್ಲಿ ಬರಲಿಲ್ಲ. ಹೊಲಗಳ ಬದುವಿನ ಮೇಲೆ, ಮಗನ ಹೆಗಲು ಹಿಡಿದು, ಆ ವಯಸ್ಸಿನಲ್ಲಿ ಸುತ್ತುಬಳಸಿ ನಡೆದು ಬಂದರು. ಒಂದು ಹಿಡಿ ಮಣ್ಣು ಹಾಕಿದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು.

"ಒಂದ್ ಸಲ ಬಾ ಅಂತ ನಿಮ್ಮಪ್ಪ ಕರೀಲಿ ಅಂತ ಕಾಯ್ತಾ ಇದ್ದೆ ಮಗಾ. ಕರೆದಿದ್ರೆ ಮಾತೂ ಬೇಡ, ಏನೂ ಬೇಡ, ಬಂದ್ಬಿಡ್ತಿದ್ದೆ."

ಇಬ್ಬರೂ ಒಬ್ಬರಿಗೊಬ್ಬರು ಕಾದಿದ್ದರು. ಅಪ್ಪ ಹೋದದ್ದಕ್ಕಿಂತ ಇದಕ್ಕೇ ನಾನು ಹೆಚ್ಚು ಅತ್ತೆ.

ಇದನ್ನೆಲ್ಲ ಮೊನ್ನೆ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಸೊಪ್ಪು ಬಾಡಿತ್ತು. ಅವಳು ಪುಸ್ತಕ ಮಡಚಿಟ್ಟು, ಆ ತಾತ ಈಗಲೂ ಇದ್ದಾರಾ ಎಂದಳು. ಇದ್ದಾರೆ ಎಂದೆ. ಹಾಗೆಂದ ಮೇಲೆ ನನ್ನ ಕೈ ನಿಂತಿತು. ಅಪ್ಪನ ವಿಷಯದಲ್ಲಿ ಸಿಟ್ಟು ಮಾಡಿಕೊಂಡು ಕೂತ ನಾನು, ಈ ಒಂದು ವರ್ಷ ಏನು ಮಾಡುತ್ತಿದ್ದೆ? ಊರಿನ ಮನೆಯಲ್ಲಿರುವ ತಮ್ಮನನ್ನೂ ಕೇಳದೆ ಮಾಮನ ಮಗನಿಗೆ ಫೋನ್ ಮಾಡಿದೆ. ಅವರು ಫೋನನ್ನು ಮಾಮನ ಕೈಗೆ ಕೊಟ್ಟರು. ಭಾನುವಾರ ನಮ್ಮೂರಿಗೆ ಊಟಕ್ಕೆ ಬರಬೇಕು, ನಾನು ಕರೆಯುತ್ತಿದ್ದೇನೆ ಎಂದೆ.

ಮಾಮ ಸಣ್ಣ ದನಿಯಲ್ಲಿ ಕೇಳಿದರು.

"ತೋಟದ ಕಡೆಯಿಂದ ಬರ್ಲಾ ಮಗಾ, ಊರೊಳಗಿಂದ ಬರ್ಲಾ?"

"ಊರೊಳಗಿಂದಾನೇ ಬನ್ನಿ ಮಾಮ," ಎಂದೆ. "ಬಸ್ ನಿಲ್ಲೋ ಕಡೆ ನಾನು ನಿಂತಿರ್ತೀನಿ."