ಎಂಜಿನ್ನಿಗೆ ನೀರು ಕುಡಿಸಿದ ಲಾಂಚಿನಕ್ಕ

ಲಾಂಚಿನಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾದ ಹೊಗೆಕೊಳವೆ ಅದನ್ನು ಸುಟ್ಟುಹಾಕಿತ್ತು. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ಮಿನುಗುವ ನುಣ್ಣನೆಯ ಚರ್ಮ. ಯಾರಾದರೂ "ಹೆಂಗಸಿಗೆ ಯಾಕಮ್ಮ ಈ ಕೆಲಸ" ಎಂದರೆ ಸಾಕು, ಆ ಬೆರಳನ್ನೇ ಅವರ ಮೂಗಿನ ನೇರಕ್ಕೆ ಹಿಡಿದು ಮಾತಿಗೆ ಶುರುಮಾಡುತ್ತಿದ್ದಳು.

ನಾನು ಮಾರಿಕಣಿವೆಗೆ ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಜಲಾಶಯದ ಆಚೆ ದಡದಲ್ಲಿ ಕುರಿಗಾರರ ಹಟ್ಟಿ, ಅಲ್ಲೊಂದು ಒಂಟಿ ಕೋಣೆಯ ಶಾಲೆ, ಅದಕ್ಕೆ ನಾನೊಬ್ಬಳೇ ಟೀಚರು. ನನ್ನ ಬಾಡಿಗೆ ಮನೆ ಈಚೆ, ಅಣೆಕಟ್ಟಿನ ಹತ್ತಿರ. ಕುರುಚಲು ಗುಡ್ಡಗಳನ್ನು ಸುತ್ತಿಕೊಂಡು ರಸ್ತೆಯಲ್ಲಿ ಹೋದರೆ ಮಧ್ಯಾಹ್ನವಾಗುತ್ತಿತ್ತು. ಹಾಗಾಗಿ ದಿನವೂ ಲಾಂಚಿನಕ್ಕನ ದೋಣಿಯೇ ಗತಿ.

"ಬರ್ರಿ ಮೇಷ್ಟ್ರಮ್ಮ, ಕುಂತ್ಕಳ್ರಿ. ಆ ಕೊಳವೆ ಕಡೆ ಸೆರಗು ಬಿಡಬ್ಯಾಡ್ರಿ, ಅದಕ್ಕೆ ಸೀರೆ ಅಂದ್ರೆ ಬಲು ಪ್ರೀತಿ." ಮೊದಲ ದಿನ ಆಕೆ ನನಗೆ ಹೇಳಿದ ಮಾತು ಇದು.

ಅಂಥ ದೋಣಿ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಯಾರೋ ಅಳತೆ ಕೆಲಸಕ್ಕೆ ಬಂದವರು ಕೆಟ್ಟುಹೋಯಿತೆಂದು ಬಿಟ್ಟುಹೋಗಿದ್ದನ್ನು ಮೆಕ್ಯಾನಿಕ್ ಆಗಿದ್ದ ಆಕೆಯ ಗಂಡ ಕೊಂಡು, ಹಳೇ ಕಾರಿನ ಎಂಜಿನ್ ಕೂರಿಸಿದ್ದ. ಅದರ ಅಡಿಯಲ್ಲಿ ತಿರುಗುವ ರೆಕ್ಕೆಯಿಲ್ಲ. ಹೊಟ್ಟೆಯ ಕೆಳಗಿಂದ ನೀರು ಹೀರಿ ಹಿಂದಕ್ಕೆ ರಭಸದಿಂದ ಉಗುಳುತ್ತಿತ್ತು, ಆ ರಭಸಕ್ಕೇ ದೋಣಿ ಮುಂದೆ ಚಿಮ್ಮುತ್ತಿತ್ತು. ಮೀನಿನ ಬಲೆ, ಮುಳುಗಿದ ಜಾಲಿಮರಗಳ ಕೊಂಬೆ, ಯಾವುದಕ್ಕೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಗಂಡ ಜ್ವರದಲ್ಲಿ ತೀರಿಕೊಂಡಾಗ ಮೈದುನಂದಿರು ದೋಣಿ ಮಾರೋಣ ಎಂದರು. ಹಿರಿಯರು, ಹೆಂಗಸು ಲಾಂಚು ಬಿಟ್ಟರೆ ಕಣಿವೆ ಮಾರಮ್ಮ ಮುನಿಯುತ್ತಾಳೆ ಎಂದರು. "ಮಾರಮ್ಮ ಏನು ಗಂಡಸೇನ್ರಿ?" ಎಂದು ಕೇಳಿ, ಮಾರನೆಯ ದಿನವೇ ಎಂಜಿನ್ ಚಾಲೂ ಮಾಡಿದಳಂತೆ.

ಆ ದೋಣಿಯ ಪ್ರಾಣವಿದ್ದದ್ದು ಒಂದು ಹಿತ್ತಾಳೆ ನಲ್ಲಿಯಲ್ಲಿ. ಎಂಜಿನ್ನಿನ ಪಕ್ಕದಿಂದ ಹೊರಡುವ ಹೊಗೆಕೊಳವೆಗಳು ಕುಲುಮೆಯ ಹಾಗೆ ಕಾಯುತ್ತಿದ್ದವು. ಅವನ್ನು ತಣಿಸಲು ಬೆರಳುಗಾತ್ರದ ತಾಮ್ರದ ಪೈಪು ಕೆರೆಯ ನೀರನ್ನೇ ತಂದು ಕೊಳವೆಯೊಳಕ್ಕೆ ಬಿಡುತ್ತಿತ್ತು. ಎಷ್ಟು ಬಿಡಬೇಕೆಂಬುದು ನಲ್ಲಿಯ ಕೈಲಿ. ಕಡಿಮೆಯಾದರೆ ಕೊಳವೆ ಕೆಂಪಗಾಗಿ ಹಿಂದಿನ ರಬ್ಬರು ಹತ್ತಿಕೊಳ್ಳುತ್ತದೆ. ದೋಣಿ ನಿಧಾನವಿದ್ದಾಗ ಹೆಚ್ಚಾದರೆ ಹೊಗೆಗೆ ನೀರನ್ನು ಹೊರಗೆ ತಳ್ಳುವ ಶಕ್ತಿ ಸಾಲದೆ, ಅದು ಹಿಂದಕ್ಕೆ ಎಂಜಿನ್ನಿನ ಹೊಟ್ಟೆಗೇ ನುಗ್ಗುತ್ತದೆ. ಅಕ್ಕ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದರಲ್ಲಿ ನಲ್ಲಿಯನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ ಕೂತಿರುತ್ತಿದ್ದಳು. ಉಗುರು ಹೋದದ್ದು ಹಾಗೆ ಕಲಿಯುವಾಗಲೇ. ಒಮ್ಮೆ ನಾನು ದೋಣಿಯಲ್ಲಿದ್ದಾಗ ಪೈಪಿಗೆ ಪಾಚಿ ಸಿಕ್ಕಿ ನೀರು ನಿಂತು ಕೊಳವೆ ಕೆಂಪಾಯಿತು. ನಾನು ಹೆದರಿ ಚೆಂಬಿನಲ್ಲಿ ನೀರು ಎತ್ತಿದೆ. ಆಕೆ ಕೈ ಹಿಡಿದಳು. "ಬ್ಯಾಡ್ರಿ! ಕಾದ ಕಬ್ಬಿಣಕ್ಕೆ ಒಂದೇ ಸಲ ತಣ್ಣೀರು ಹುಯ್ದರೆ ಸೀಳ್ತೈತೆ. ಆರಾಕೆ ಬಿಡಬೇಕು, ಆಮೇಲೆ ಗುಟುಕು ಗುಟುಕೇ ಕುಡಿಸ್ಬೇಕು."

ಹಟ್ಟಿಯವರಿಗೆ ಆ ಎಂಜಿನ್ನಿನ ಸದ್ದೆಂದರೆ ನೆಂಟರು ಬಂದಂತೆ. ಉಪ್ಪು, ಸೀಮೆಎಣ್ಣೆ, ಕುರಿಗೆ ಔಷಧಿ ಎಲ್ಲವನ್ನೂ ತರುವವಳು ಆಕೆಯೇ. ಸದ್ದು ಕೇಳಿದ ಕೂಡಲೇ ಗಂಡಸರು, ಹೆಂಗಸರು, ಮಕ್ಕಳು ದಡಕ್ಕೆ ಇಳಿಯುತ್ತಿದ್ದರು.

ತುರ್ತು ಪರಿಸ್ಥಿತಿ ಬಂತು. ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿಸುವ ಭರಾಟೆ ಹೆಚ್ಚಾಯಿತು. ಇಷ್ಟು ಕೇಸು ತರದ ಮೇಷ್ಟರಿಗೆ ಸಂಬಳವಿಲ್ಲವೆಂದು ನಮಗೂ ಹೇಳಿದ್ದರು. ಹಟ್ಟಿಗೆ ಜೀಪು ಹೋದರೆ ದೂಳು ಕಂಡಕೂಡಲೇ ಗಂಡಸರೆಲ್ಲ ಕುರಿ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದರು. ಆಗ ಒಬ್ಬ ಅಧಿಕಾರಿಗೆ ಲಾಂಚಿನ ನೆನಪಾಯಿತು. ಪೊಲೀಸರು ಟಾರ್ಪಾಲಿನ ಕೆಳಗೆ ಮಲಗುವುದು, ಟೀಚರು ಮುಂದೆ ಕೂರುವುದು, ಸದ್ದು ಕೇಳಿ ಜನ ದಡಕ್ಕೆ ಬಂದಾಗ ಗಂಡಸರನ್ನು ಹಿಡಿದು ತುಂಬುವುದು, ಇದು ಅವನ ಉಪಾಯ.

"ಆಗಲ್ಲ ಸ್ವಾಮಿ," ಎಂದಳು ಅಕ್ಕ. "ನನ್ನ ಸದ್ದು ನಂಬಿ ಬರೋರು ಅವರು."

"ಹಾಗಾದರೆ ದೋಣಿ ಜಪ್ತಿ. ಬೇರೆ ಡ್ರೈವರನ್ನು ಕರೆಸ್ತೀನಿ."

ಅಕ್ಕ ದೋಣಿಯ ಹಗ್ಗ ಬಿಚ್ಚಿದಳು. "ಬ್ಯಾಡ. ನಾನೇ ಬಿಡ್ತೀನಿ, ಹತ್ರಿ," ಎಂದಳು. ಇಷ್ಟು ಬೇಗ ಬಗ್ಗಿದಳಲ್ಲ ಎಂದು ಒಳಗೇ ಬೈದುಕೊಂಡೆ.

ಆಚೆ ದಡ ಹತ್ತಿರವಾಯಿತು. ಜನ ಇಳಿದು ಬರುತ್ತಿದ್ದರು. ನನ್ನ ಶಾಲೆಯ ಮಕ್ಕಳು ಕೈ ಬೀಸಿದರು. ನನಗೆ ಕೈ ಎತ್ತಲು ಆಗಲಿಲ್ಲ. ಅಕ್ಕ ಎಂಜಿನ್ ನಿಧಾನ ಮಾಡಿದಳು. ಆಮೇಲೆ, ಕೂದಲೆಳೆಯಷ್ಟು ತಿರುಗಿಸುತ್ತಿದ್ದ ಆ ನಲ್ಲಿಯನ್ನು ಪೂರಾ ತೆರೆದುಬಿಟ್ಟಳು. ಎಂಜಿನ್ ಕೆಮ್ಮಿತು, ಬಿಳಿ ಹಬೆ ಉಗುಳಿತು, ಗಕ್ಕನೆ ನಿಂತಿತು. ಎಂಜಿನ್ನಿನ ಹೊಟ್ಟೆ ತುಂಬ ನೀರಿದ್ದರೂ ಆಕೆ ಮತ್ತೆ ಸ್ಟಾರ್ಟರ್ ಒತ್ತಿದಳು. ಒಳಗೆ ಏನೋ ಮುರಿದ ಸದ್ದು. ಇನ್ನೊಮ್ಮೆ ಒತ್ತಿದಳು. ಆಮೇಲೆ ಸದ್ದೇ ಇಲ್ಲ.

"ಏನಾಯ್ತು, ಏನಾಯ್ತು?" ಎಂದು ಅಧಿಕಾರಿ, ಪೊಲೀಸರು ಟಾರ್ಪಾಲು ಸರಿಸಿ ಎದ್ದು ನಿಂತರು. ದಡದ ಮೇಲೆ ಒಂದು ಗಳಿಗೆ ಎಲ್ಲರೂ ಕಲ್ಲಾದರು. ಯಾರೋ ಕೂಗಿದರು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಳಿ ನಮ್ಮನ್ನು ಮೆಲ್ಲಗೆ ಹಿಂದಕ್ಕೆ ತಳ್ಳತೊಡಗಿತು.

ನಾನು ಆಕೆಯ ಕಿವಿಯಲ್ಲಿ, "ಅಕ್ಕ, ತಾನೇ ಕೆಟ್ಟಿತು ಅಂತ ಹೇಳಿಬಿಡಿ, ಕೈ ಮುಗೀತೀನಿ" ಎಂದೆ.

ಆಕೆ ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ತಾನೇ ಕೆಡ್ತು ಅಂದ್ರೆ ನಾಳೆ ರಿಪೇರಿ ಮಾಡಿಸ್ತಾರೆ. ನಾನು ಕೆಡಿಸ್ದೆ ಅಂದ್ರೆ, ಯಾಕೆ ಅಂತ ನನ್ನ ಕೇಳಬೇಕಾಗ್ತೈತೆ. ಕೇಳ್ರಿ ಸ್ವಾಮಿ. ಕೆಡಿಸಿದ್ದು ನಾನೇ."

ಅಧಿಕಾರಿ ಕೇಳಲಿಲ್ಲ. ಬಿಸಿಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬೈದ. ಮೀನುಗಾರರು ಹರಿಗೋಲಿನಲ್ಲಿ ಬಂದು ನಮ್ಮನ್ನು ಈಚೆ ದಡಕ್ಕೆ ಎಳೆಯುವ ತನಕ ಬೈಯುತ್ತಲೇ ಇದ್ದ. ಪೊಲೀಸರು ಅಕ್ಕನನ್ನು ಹಿರಿಯೂರಿನ ಠಾಣೆಗೆ ಕರೆದೊಯ್ದರು. ಅಲ್ಲಿ ಏನಾಯಿತೆಂದು ಆಕೆ ಎಂದೂ ಹೇಳಲಿಲ್ಲ. ಕೆಲವು ದಿನದ ಮೇಲೆ ಉಟ್ಟ ಸೀರೆಯಲ್ಲೇ ಬಸ್ಸಿಳಿದಳು. ಮೈದುನಂದಿರು ಬಾಗಿಲು ಹಾಕಿಕೊಂಡರು. ಆಕೆ ನೆಟ್ಟಗೆ ದಡಕ್ಕೆ ಹೋಗಿ, ಒಬ್ಬ ಮೀನುಗಾರನ ಹರಿಗೋಲು ಕೇಳಿ ಪಡೆದು, ತಾನೇ ಹುಟ್ಟು ಹಾಕುತ್ತ ಹಟ್ಟಿಗೆ ಹೋದಳು. ಹೆದರಿಕೊಂಡಿದ್ದ ಜನ ಮೊದಲು ಇಳಿದು ಬರಲಿಲ್ಲವಂತೆ. "ನಾನೇ ಕಣ್ರಲೇ, ಒಬ್ಬಳೇ ಬಂದಿದೀನಿ!" ಎಂದು ಕೂಗಿದ ಮೇಲೆ ಒಬ್ಬೊಬ್ಬರೇ ಬಂದು, ಒಂದು ಕಂಬಳಿ ಹೊದಿಸಿ ಕೂರಿಸಿದರಂತೆ.

ನನ್ನ ಸಂಬಳ ನಿಂತಿತು. ಹೊರಕೆರೆದೇವಪುರದ ಕಡೆಗೆ ವರ್ಗವಾಯಿತು. ಲಾಂಚು ದಡದಲ್ಲೇ ತುಕ್ಕು ಹಿಡಿಯಿತು. ಅಕ್ಕ ಕೊನೆಯವರೆಗೂ ಹರಿಗೋಲಿನಲ್ಲೇ ದುಡಿದಳು.

ವರ್ಷಗಳ ಮೇಲೆ, ಆಕೆಗೆ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಚಾಪೆಯ ಮೇಲೆ ಗೋಡೆಗೊರಗಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಹಿಂದಿನದೆಲ್ಲ ಮಾತಾಡಿದ ಮೇಲೆ ಕೇಳಿದೆ: "ಆ ದೋಣಿ ಹೋಯ್ತಲ್ಲ ಅಂತ ನಿಮಗೆ ದುಃಖವೇ ಆಗಲಿಲ್ವಾ ಅಕ್ಕ?"

"ಆಗ್ದೆ ಏನ್ರಿ? ನಮ್ಮ ಯಜಮಾನ್ರು ಕಟ್ಟಿದ ಎಂಜಿನ್ ಅದು. ಹಿರಿಯೂರಿನಾಗೆ ಗೋಡೆ ಕಡೆ ತಿರುಗಿ ಅತ್ತಿದೀನಿ. ಅಳು ಬಂತು ಅಂದ್ರೆ ಮಾಡಿದ್ದು ತಪ್ಪು ಅಂತ ಅಲ್ಲ ಮೇಷ್ಟ್ರಮ್ಮ. ಅಳೋದು ಅತ್ತು, ಮಾಡೋದು ಮಾಡ್ಬೇಕು."

ಆ ವರ್ಷವೇ ತೀರಿಕೊಂಡಳು. ಸುದ್ದಿ ನನಗೆ ತಲುಪಿದ್ದು ತಡವಾಗಿ. ಹಟ್ಟಿಯ ಗಂಡಸರು ನೀರು ದಾಟಿ ಬಂದು, ಯಾರನ್ನೂ ಕೇಳದೆ ಚಟ್ಟಕ್ಕೆ ಹೆಗಲು ಕೊಟ್ಟರೆಂದು ಹೇಳಿದರು.

ನಾನು ಆಕೆಯಷ್ಟು ಗಟ್ಟಿ ಹೆಂಗಸಲ್ಲ. ಆದರೆ ಹೊಸದುರ್ಗದ ಕಡೆ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ, ಪರೀಕ್ಷೆಯ ದಿನ ಊರಿನ ದೊಡ್ಡವರೊಬ್ಬರು ಬಂದು, ತಮ್ಮ ಹುಡುಗರು ನೋಡಿ ಬರೆಯಲಿ, ನೀವು ಸುಮ್ಮನಿರಿ ಎಂದರು. ಬಾಗಿಲಿಗೆ ಅಡ್ಡ ನಿಂತು "ಆಗುವುದಿಲ್ಲ" ಎಂದೆ. ಮತ್ತೆ ವರ್ಗ ಮಾಡಿಸಿದರು. ಸಾಮಾನು ಕಟ್ಟಿಕೊಂಡು ಹೊರಟ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕಮ್ಮ, ಏನು ತಪ್ಪಾಯ್ತು?" ಎಂದು ಕೇಳಿದಳು.

"ಏನೂ ತಪ್ಪಾಗಿಲ್ಲ," ಎಂದೆ.