ಸೊಣ್ಣಮ್ಮನ ಎಡಗಾಲು

ಎಲ್ಲರೂ ಈ ಭೂಮಿಗೆ ತಲೆ ಮುಂದಿಟ್ಟು ಬರುತ್ತಾರೆ. ಸೊಣ್ಣಮ್ಮ ಕಾಲು ಮುಂದಿಟ್ಟು ಬಂದಳು. ಅರವತ್ತಮೂರು ವರ್ಷದ ಹಿಂದೆ ತಮಿಳುನಾಡಿನ ನಂಗವಳ್ಳಿ ಕಡೆಯ ಒಂದು ಕುರಿಹಟ್ಟಿಯಲ್ಲಿ ಆದ ಆ ಹೆರಿಗೆಯಲ್ಲಿ ಅವಳ ತಾಯಿ ಸತ್ತು ಬದುಕಿದಳು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಜನ ನೆನಪಿಟ್ಟುಕೊಂಡದ್ದು ಒಂದೇ: ಕಾಲು ಮುಂದಾಗಿ ಹುಟ್ಟಿದವರು ಎಡಗಾಲಲ್ಲಿ ಮೂರು ಸಲ ಒದ್ದರೆ ಹಿಡಿದುಕೊಂಡ ಸೊಂಟ ಬಿಟ್ಟುಹೋಗುತ್ತದೆ.

ಮದುವೆಯಾಗಿ ಹರೂರಿನ ಹತ್ತಿರದ ಹಳ್ಳಿಗೆ ಬಂದಾಗ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕುರಿಯವರ ಸೊಸೆ, ಅಷ್ಟೇ. ಕೊಳಾಯಿಯ ಹತ್ತಿರ ಕೊನೆಯ ಕೊಡ ಅವಳದು. ಒಂದು ದಿನ ಅತ್ತೆಗೆ ಸೊಂಟ ಹಿಡಿಯಿತು. ಬೇರೆ ದಾರಿಯಿಲ್ಲದೆ ಸೊಸೆಯಿಂದ ಒದೆಸಿಕೊಂಡ ಮುದುಕಿ, ಎದ್ದು ಬೀದಿಯೆಲ್ಲ ಸುತ್ತಿ ಸಾರಿಕೊಂಡು ಬಂದಳು. ಅತ್ತೆಯನ್ನು ಒದ್ದು ಅತ್ತೆಯಿಂದಲೇ ಹೊಗಳಿಸಿಕೊಂಡ ಸೊಸೆ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ನೋಡೋಣ.

ಅಲ್ಲಿಂದ ನಲವತ್ತು ವರ್ಷ, ಮಂಗಳವಾರ, ಭಾನುವಾರ ಬೆಳಗಾದರೆ ಅವಳ ಹೊಸ್ತಿಲ ಮುಂದೆ ಊರು ಬೋರಲು ಮಲಗಿತು. ಲಾರಿ ಓಡಿಸುವವರು, ಮೇಷ್ಟ್ರು, ಪಂಚಾಯಿತಿಯ ಮಾಜಿ ಅಧ್ಯಕ್ಷ, ಊರವರ ಬಾಯಲ್ಲಿ ಈಗಲೂ ತಲೈವರ್, ಸುಬ್ಬರಾಯನ್. ಬೇರೆ ದಿನ ಅವಳನ್ನು ಕಂಡರೆ ಮುಖ ಆಚೆ ತಿರುಗಿಸುವ ಸುಬ್ಬರಾಯನ್ ಒದೆ ತಿಂದ ಮೇಲೆ ಎದ್ದು, ಮಣ್ಣು ಕೊಡವಿಕೊಂಡು, ಕೈಮುಗಿಯುತ್ತಿದ್ದ. ಸೊಣ್ಣಮ್ಮ ಎಲೆಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಆ ಕೈಮುಗಿತ ಒಂದಿದ್ದರೆ ಅವಳಿಗೆ ವಾರವೆಲ್ಲ ಹೊಟ್ಟೆ ತುಂಬಿರುತ್ತಿತ್ತು.

ಇಂಥವಳಿಗೆ ಸೊಂಟ ನೋವು ಬಂತು! ಎರಡು ವರ್ಷದಿಂದ, ಬೆಳಗ್ಗೆ ಎದ್ದು ನೆಟ್ಟಗೆ ನಿಲ್ಲಲು ಕಾಲು ಗಂಟೆ ಬೇಕು. ಒದೆಯಲು ಕಾಲೆತ್ತಿದರೆ ಬೆನ್ನಿನ ಕೆಳಗೆ ಚಳುಕು. ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಊರು ಹೊಟ್ಟೆ ಹಿಡಿದುಕೊಂಡು ನಗುತ್ತದೆ, ಮರುದಿನದಿಂದಲೇ ಮತ್ತೆ ಕುರಿಯವರ ಮುದುಕಿ. ಲೋಕದ ಬೆನ್ನನ್ನೆಲ್ಲ ಒದೆಯುವ ಕಾಲಿಗೆ ಸ್ವಂತ ಬೆನ್ನು ಮಾತ್ರ ಎಟುಕದು. ಒಂದು ದಿನ ಪ್ರಯತ್ನ ಪಟ್ಟು, ಕುರಿದೊಡ್ಡಿಯಲ್ಲಿ ಬಿದ್ದು, ಮಂಡಿಯನ್ನೂ ತರಚಿಕೊಂಡಳು.

ಸೊಣ್ಣಮ್ಮನ ಸೊಸೆ ಮೇನಕಾ ಡಿಗ್ರಿ ಓದಿದವಳು, ಕಣ್ಣು ಚುರುಕು. ಚಿನ್ನದ ಅಂಗಡಿಗೆ ಹೋಗುತ್ತೇವೆ ಎಂದು ಬೀದಿಗೆಲ್ಲ ಹೇಳಿ, ಅತ್ತೆಯನ್ನು ಹರೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ತಲೆಗೆ ಟವೆಲ್ ಹೊದ್ದು ಕೂತಿದ್ದವನು ಯಾರೆಂದುಕೊಂಡಿರಿ? ಸುಬ್ಬರಾಯನ್. ಹಿಂದಿನ ಭಾನುವಾರವಷ್ಟೇ, ಮೂರೇ ಒದೆಗೆ ಪೂರ್ತಿ ಗುಣವಾಯಿತೆಂದು ಟೀ ಅಂಗಡಿಯಲ್ಲಿ ಭಾಷಣ ಮಾಡಿದ್ದವನು.

"ಏನ್ ತಲೈವರೇ, ಇಲ್ಲಿ?"

"ಸುಮ್ಮಾ... ಯಾರ್ನೋ ನೋಡ್ಕೊಂಡೋಗಾನ ಅಂತ. ನೀನು?"

"ನಾನೂ ಯಾರ್ನೋ ನೋಡಾಕೇ ಬಂದೆ."

ಇಬ್ಬರ ಕೈಯಲ್ಲೂ ಒಂದೇ ತರಹದ ಚೀಟಿ. ಇಬ್ಬರೂ ಬಹಳ ಹೊತ್ತು ಗೋಡೆಯ ಮೇಲಿನ ಸೊಳ್ಳೆ ಜಾಹೀರಾತನ್ನು ಓದಿದರು. ಸೊಣ್ಣಮ್ಮನಿಗೆ ಓದಲು ಬರುವುದಿಲ್ಲ.

ಡಾಕ್ಟರ್ ಕಾರ್ತಿಕಾ ಪಟವನ್ನು ಬೆಳಕಿಗೆ ಹಿಡಿದು, "ಪಾಟಿ, ಎಲುಂಬು ತೇಮಾನಂ," ಎಂದಳು. ಅಜ್ಜಿ, ನಿನ್ನ ಮೂಳೆ ಸವೆದಿದೆ, ಬೆನ್ನಿನ ಕೀಲುಗಳೆಲ್ಲ ಒರಟಾಗಿವೆ. ಇದು ಪೂರಾ ಹೋಗುವಂಥದ್ದಲ್ಲ, ಆದರೆ ಹತೋಟಿಯಲ್ಲಿಟ್ಟುಕೊಂಡು ಬದುಕಬಹುದು. ಬಗ್ಗಿ ಕೊಡ ಎತ್ತಬೇಡ, ದಿನಾ ನಡೆ, ಬಿಸಿ ಶಾಖ ಕೊಡು, ಹೊರಗೆ ಓಡಾಡುವಾಗ ಸ್ವಲ್ಪ ಹೊತ್ತು ಬೆಲ್ಟ್ ಕಟ್ಟಿಕೊ, ಮಲಗಿದಲ್ಲಿಂದ ದಡಕ್ಕನೆ ಏಳದೆ ಮಗ್ಗುಲಿಗೆ ತಿರುಗಿ ಏಳು, ತಪ್ಪದೆ ವ್ಯಾಯಾಮ ಮಾಡು. ಎಲ್ಲಕ್ಕೂ ತಲೆಯಾಡಿಸಿದ ಸೊಣ್ಣಮ್ಮ, ಯಾರದೋ ವಿಷಯ ಎನ್ನುವಂತೆ ಕೇಳಿದಳು, ಇಂಥ ಬೆನ್ನನ್ನು ಯಾರಾದರೂ ಒದ್ದರೆ?

ಡಾಕ್ಟರ್ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. ವಯಸ್ಸಾದವರ ಮೂಳೆ ಒಳಗೊಳಗೇ ಟೊಳ್ಳಾಗಿರುತ್ತದೆ, ಪೆಟ್ಟು ಬಿದ್ದರೆ ಮುರಿಯಬಹುದು, ಕಾಲಿನ ಸ್ವಾಧೀನವೇ ತಪ್ಪಬಹುದು ಎಂದಳು.

ಬಸ್ಸಿನಲ್ಲಿ ಸೊಣ್ಣಮ್ಮನಿಗೆ ನಲವತ್ತು ವರ್ಷದ ಬೆನ್ನುಗಳೆಲ್ಲ ಒಂದೊಂದಾಗಿ ನೆನಪಾದವು. ಎಷ್ಟು ಮುರಿದಿದ್ದೆನೋ ಎಂದು ಸೊಸೆಯ ಕಿವಿಯಲ್ಲಿ ಹೇಳಿಕೊಂಡಳು.

"ನೀವು ಮೆಲ್ಲಗಲ್ವಾ ಅತ್ತೆ ಒದಿಯೋದು?" ಎಂದು ಮೇನಕಾ ಸಮಾಧಾನ ಮಾಡಿದಳು.

"ಬಡವ್ರನ್ನ ಮೆಲ್ಗೇ ಒದ್ದಿವ್ನಿ. ಈ ತಲೈವರ್‌ನ ಮಾತ್ರ ಗಟ್ಯಾಗೇ ಒದ್ದಿವ್ನಿ ಕಣೆ."

ಮುಂದಿನ ನಾಲ್ಕು ವಾರ ಜ್ವರ, ಕೆಮ್ಮು, ನೆಂಟರ ಸಾವು ಎಂದು ಸುಳ್ಳಿನ ಮೇಲೆ ಸುಳ್ಳು. ಸೀರೆಯೊಳಗಿನ ಬೆಲ್ಟಿನ ಉಬ್ಬು ನೋಡಿದ ಪಕ್ಕದ ಮನೆಯವರು, ಸೊಸೆ ಚೆನ್ನಾಗಿ ತಿನ್ನಿಸುತ್ತಾಳೆ, ಮುದುಕಿ ದಪ್ಪಗಾಗಿದೆ ಎಂದರು. ಬಾಗಿಲು ಹಾಕಿಕೊಂಡು ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ ಇಳಿಸುತ್ತಿದ್ದರೆ ಹೊರಗಡೆ ಬೇರೆಯೇ ಸುದ್ದಿ: ಸೊಣ್ಣಮ್ಮ ಏನೋ ವ್ರತ ಹಿಡಿದಿದ್ದಾಳೆ, ಕಾಲಿನ ಶಕ್ತಿ ಇಮ್ಮಡಿಯಾಗುತ್ತದಂತೆ! ನೋವು ಸ್ವಲ್ಪ ಸ್ವಲ್ಪವೇ ಇಳಿಯಿತು. ಜನ ಮಾತ್ರ ಹೆಚ್ಚಾದರು.

ಐದನೆಯ ಭಾನುವಾರ ಜವರಪ್ಪ ಬಂದ. ಎಪ್ಪತ್ತು ದಾಟಿದ ಕುರಿಗಾಹಿ. ಬೆನ್ನು ಬಾಗಿದೆ, ಕಾಲು ಜುಮ್ಮೆನ್ನುತ್ತದೆ, ಗುಡ್ಡದ ಆಚೆಯಿಂದ ಕೋಲೂರಿಕೊಂಡು ನಡೆದು ಬಂದಿದ್ದಾನೆ. ಬಂದವನೇ ಹೊಸ್ತಿಲ ಮುಂದೆ ಬೋರಲು ಬಿದ್ದುಕೊಂಡ. ಸುತ್ತ ಹತ್ತು ಜನ, ಅವರ ಮಧ್ಯೆ ಕುರ್ಚಿ ಹಾಕಿಸಿಕೊಂಡು ಸುಬ್ಬರಾಯನ್.

"ಇವತ್ತು ಆಗಾಕಿಲ್ಲ ಜವರಣ್ಣ. ಮೇಲೇಳು."

"ಯಾಕಾಗಾಕಿಲ್ಲ? ತಲೈವರ್ ಬೆನ್ನಿಗಾಯ್ತದೆ, ಕುರಿಯೋನ ಬೆನ್ನಿಗಾಗಾಕಿಲ್ವಾ? ನೀನೂ ದೊಡ್ಡೋಳಾಗ್ಬುಟ್ಟೆ ಬುಡವ್ವ."

ಆ ಮಾತು ಅವಳಿಗೆ ಸುಟ್ಟಂತಾಯಿತು. ಸುಮ್ಮನೆ ಮುಟ್ಟಿಸಿದ ಹಾಗೆ ಮಾಡಿ ಕಳಿಸಿಬಿಟ್ಟರೆ ಮಾನವೂ ಉಳಿಯುತ್ತದೆ, ಮುದುಕನಿಗೂ ಖುಷಿಯಾಗುತ್ತದೆ. ಕಾಲೆತ್ತಿದಳು. ಕೆಳಗೆ ಆ ಒಣಗಿದ ಬೆನ್ನು, ಅಂಗಿಯೊಳಗಿಂದ ಎಣಿಸುವಂತೆ ಕಾಣುವ ಮೂಳೆಗಳು. ಎತ್ತಿದ ಕಾಲನ್ನು ಹಾಗೇ ಇಳಿಸಿದಳು. ಸೆರಗಿನೊಳಗೆ ಕೈ ಹಾಕಿ ಬೆಲ್ಟನ್ನು ಪರ್ರನೆ ಕಿತ್ತು ಎಲ್ಲರ ಮುಂದೆ ಎಸೆದಳು.

"ನೋಡ್ಕಳ್ರಿ! ನಂದೇ ಮೂಳೆ ಸವ್ದೋಗೈತೆ. ನಂದ್ನೇ ವಾಸಿ ಮಾಡ್ಕಳಾಕಾಗಿಲ್ಲ ನನ್ ಕೈಲಿ. ಒದ್ರೆ ನಿಮ್ ಕಾಲೇ ಹೋದಾವು ಅಂದವ್ಳೆ ಡಾಕ್ಟ್ರಮ್ಮ. ಇನ್ಮ್ಯಾಕೆ ಯಾರ್ನೂ ಒದಿಯಾಕಿಲ್ಲ ನಾನು!"

ಯಾರೋ ಕಿಸಕ್ಕೆಂದರು. ಮೊದಲು ಎದ್ದವನು ಸುಬ್ಬರಾಯನ್. "ನಂಗೆ ಆವತ್ತಿಂದ್ಲೇ ಅನುಮಾನ ಇತ್ತು," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ನಡೆದ. ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಡೆದ. ಉಳಿದವರೂ ಅವನ ಹಿಂದೆ ಹೋದರು. ಒಬ್ಬರೂ ಕೈಮುಗಿಯಲಿಲ್ಲ.

ಜವರಪ್ಪ ಹೋಗಲಿಲ್ಲ. ಏಳಲು ಆದರೆ ತಾನೆ? ಬಿದ್ದಲ್ಲಿಂದಲೇ ಕತ್ತು ಹೊರಳಿಸಿ ಅವಳನ್ನು ನೋಡಿದ.

"ನಿಂಗೂ ನೋಯ್ತೈತಾ ತಂಗಿ?"

ನಲವತ್ತು ವರ್ಷದಲ್ಲಿ ಆ ಹೊಸ್ತಿಲಿನ ಮುಂದೆ ಅವಳನ್ನು ಹಾಗೆ ಕೇಳಿದವರಿರಲಿಲ್ಲ.

"ನೋಯ್ತೈತಣ್ಣ. ಭಾಳ ನೋಯ್ತೈತೆ," ಎಂದ ಸೊಣ್ಣಮ್ಮ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು.

"ಆಮ್ಯಾಕೆ ಅಳೀವಂತೆ. ಮೊದ್ಲು ನನ್ನ ಎಬ್ಬಿಸು."

ಬಗ್ಗಿ ಎತ್ತಲು ಅವಳಿಂದಾಗದು. ಮೂಗು ಒರೆಸಿಕೊಂಡು ಹೇಳತೊಡಗಿದಳು. "ದಡಕ್ಕನೆ ಏಳ್ಬ್ಯಾಡ. ಮಗ್ಗುಲಿಗೆ ತಿರುಗು. ಎಲ್ಡೂ ಮಂಡಿ ಮಡಿಸು. ಈಗ ಕೈ ಊರಿ ಮೆಲ್ಗೆ... ಉಸ್ರು ಬುಡು, ಹಿಡೀಬ್ಯಾಡ."

ಮುದುಕ ಗೊಣಗುತ್ತಾ ತಿರುಗಿದ, ಮಡಿಸಿದ, ಊರಿದ. ಎದ್ದು ಕೂತ. ಕೂತವನು ತನ್ನ ಸೊಂಟವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಅಲ್ಲವ್ವ, ಇದ್ನ ಮೊದ್ಲೇ ಯೋಳ್ಕೊಟ್ಟಿದ್ರೆ ಇಷ್ಟ್ ವರ್ಸ ಅಷ್ಟೊಂದ್ ಜನ ಒದೆ ತಿನ್ನೋದ್ ತಪ್ತಿರ್ಲಿಲ್ವಾ?"