ಗೋಡೆಗೆ ಸಮನಾದ ಬಾಗಿಲು

ನನ್ನ ಸೋದರತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಾರೆ. ಇರಲಿ ಬಿಡಿ. ಮೂವತ್ತು ವರ್ಷ ಊರವರ ಬಟ್ಟೆ ಹೊಲಿದು ಸಂಸಾರ ತೂಗಿಸಿದವಳು ಅವಳು. ಮಾವನ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಅಂಗೈಯಲ್ಲಿ ಗೋಡೆ ಸವರುತ್ತಾ ಅವರು ಅಡುಗೆಮನೆಯಿಂದ ಕೋಣೆಗೆ ನಡೆಯುತ್ತಾರೆ. ನಡುವೆ ಗೋಡೆಬೀರು. ಗೋಡೆಯಿಂದ ಹೊರಗೆ ಉಬ್ಬಿದ ಅದರ ಬಾಗಿಲು ಬಡಿದು ಹುಬ್ಬಿಗೆ ಎರಡು ಸಲ ಹೊಲಿಗೆ ಬಿತ್ತು. ಎರಡನೇ ಸಲ ಅತ್ತೆ ಆ ಬಾಗಿಲನ್ನು ಕಿತ್ತೆಸೆದಳು. ಚೌಕಟ್ಟಿನ ಒಳಗೇ ಕೂರುವ ಬಾಗಿಲನ್ನು ತಾನೇ ಮಾಡುತ್ತೇನೆಂದು ಹಲಗೆ ತಂದಳು.

ಬಾಗಿಲು ತಿರುಗಿಸುವ ಕೀಲು ಕೇಳಿದರೆ ಹಾರ್ಡ್‌ವೇರ್ ಅಂಗಡಿಯವನು ಮುಖ ಎತ್ತದೆ ಯಾವುದೋ ಹಿಂಜು ಕಟ್ಟಿಕೊಟ್ಟ. ಹಾಕಿದರೆ ಬಾಗಿಲು ಚೌಕಟ್ಟಿನ ಮೇಲೇ ಕೂತಿತು, ಮತ್ತದೇ ಉಬ್ಬು. ವಾಪಸ್ಸು ಒಯ್ದಾಗ ಜೊತೆಗೆ ನಾನೂ ಇದ್ದೆ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಮನೇಲಿ ಗಂಡಸ್ರಿದ್ರೆ ಕಳ್ಸಿ" ಎಂದ ಅವನು.

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ಅವನ ಡಬ್ಬಿಗೇ ಕೈಹಾಕಿ ಎರಡು ಹಿಂಜು ತೆಗೆದು ಮೇಜಿನ ಮೇಲೆ ಕುಕ್ಕಿದಳು. "ಕಣ್ಬಿಟ್ಟು ನೋಡಯ್ಯಾ. ಇದರ ಕತ್ತು ನೆಟ್ಟಗಿದೆ, ಬಾಗಿಲನ್ನ ಮೇಲೆ ಕೂರಿಸುತ್ತೆ. ಇದರ ಕತ್ತು ಪೂರಾ ಬಾಗಿದೆ, ಒಳಗೆ ಎಳ್ಕೊಳ್ಳುತ್ತೆ. ನಾನು ಕೇಳಿದ್ದು ಇದು. ಮಾರೋನಿಗೇ ಗೊತ್ತಿಲ್ಲ ಅಂದ್ರೆ ಗಂಡಸ್ರು ಬಂದು ಏನು ಕಿಸೀತಾರೆ?"

ಅವನು ತೆಪ್ಪಗೆ ಬದಲಾಯಿಸಿ ಕೊಟ್ಟ.

ಮನೆಗೆ ಬಂದು ಹಾಕಿದರೆ ಬಾಗಿಲು ಚೌಕಟ್ಟಿನೊಳಗೆ ಹೋಗಲೇ ಇಲ್ಲ. ದರ್ಜಿಯ ಕೈ ನೋಡಿ, ಹೊಲಿಗೆಗೆ ಬಿಡುವಂತೆ ಅಡ್ಡಕ್ಕೆ ಒಂದು ಬೆರಳಷ್ಟು ಹೆಚ್ಚಿಗೆ ಬಿಟ್ಟು ಹಲಗೆ ಕೊಯ್ದಿದ್ದಳು! ಮೇಲೆ ಕೂತಿದ್ದಾಗ ಆ ತಪ್ಪು ಕಂಡಿರಲಿಲ್ಲ. ಈಗ ಕೋಪವೆಲ್ಲ ತನ್ನ ಮೇಲೇ ತಿರುಗಿತು. "ಥೂ ನನ್ನ ಬುದ್ಧಿಗಿಷ್ಟು!"

"ಹೋಗ್ಲಿ ಬಿಡತ್ತೆ, ಹಳೇ ಹಿಂಜನ್ನೇ ವಾಪಸ್ ತಂದು ಹಾಕು. ಮೇಲೆ ಕೂತ್ರೆ ಯಾರು ನೋಡ್ತಾರೆ?" ಎಂದುಬಿಟ್ಟೆ.

ಅತ್ತೆ ನನ್ನನ್ನು ನುಂಗುವಂತೆ ನೋಡಿದಳು. "ನೋಡೋರಿಗೋಸ್ಕರ ಮಾಡ್ತಿಲ್ಲ ಕಣೇ ಇದನ್ನ."

ಅವಳು ಹಿಂಜಿಲ್ಲದ ಕಡೆಯ ಅಂಚನ್ನು ಉಜ್ಜುಗೊರಡಿನಿಂದ ಹೆರೆಯುತ್ತಾ ಕೂತಳು. ಎರಡು ದಿನ ಹೆರೆದಳು, ಹೆರೆಯುವಷ್ಟು ಹೊತ್ತೂ ಬೈದಳು. ಕೊನೆಗೆ ಬಾಗಿಲು ಒಳಗೆ ಕೂತಿತು. ಸುತ್ತ ಒಂದು ನಾಣ್ಯದ ದಪ್ಪದಷ್ಟೇ ಸಂದು. ಹಿಡಿಯ ಬದಲು ಬೆರಳು ತೂರುವ ತೂತು.

ಮಾವ ಎಂದಿನಂತೆ ಗೋಡೆ ಸವರುತ್ತಾ ಬಂದರು. ಬೀರು ಹತ್ತಿರವಾದಾಗ ಅಭ್ಯಾಸಬಲದಿಂದ ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಹಿಡಿದರು. ಹಾಗೇ ನಡೆದು ಕೋಣೆಯ ಬಾಗಿಲಿಗೆ ಬಂದು ನಿಂತರು.

"ಬೀರು ಎಲ್ಲೇ? ತೆಗೆಸಿಬಿಟ್ಯಾ?"

"ದಾಟಿ ಬಂದಾಯ್ತು. ಕೈ ಇಳಿಸ್ರೀ ಇನ್ನ!" ಎಂದು ಅತ್ತೆ ಗದರಿದಳು.